ಕಲಿತ ಕೈ ಕೈಕೊಟ್ಟಾಗ

ಕಳೆದ ವರ್ಷ ಬೇಸಿಗೆಯ ಒಂದು ಸಂಜೆ ಸಿರುಗುಪ್ಪ ಕಡೆಯ ರೈತರೊಬ್ಬರು ತಮ್ಮ 17 ವರ್ಷದ ಮಗನನ್ನು ಕರೆದುಕೊಂಡು ಬಳ್ಳಾರಿಯ ನನ್ನ ದವಾಖಾನೆಗೆ ಬಂದರು. ಹುಡುಗನ ಎಡಗೈ ಮಣಿಕಟ್ಟಿಗೆ ತಾಯತ ಕಟ್ಟಿತ್ತು. ಜ್ವರವಿಲ್ಲ, ಕೆಮ್ಮಿಲ್ಲ, ನೋವೂ ಇಲ್ಲ. ಏನು ತೊಂದರೆ ಎಂದು ಕೇಳಿದರೆ ಹುಡುಗ ನೆಲ ನೋಡುತ್ತ ಕುಳಿತ. ಕೊನೆಗೆ ತಂದೆಯೇ ಬಾಯಿ ಬಿಟ್ಟರು.

"ಸರ್, ಚೆಂಡು ಇವನ ಕೈ ಬಿಡವಲ್ದು."

ಹುಡುಗ ಎಡಗೈ ಸ್ಪಿನ್ ಬೌಲರ್. ಹತ್ತು ವರ್ಷದವನಿದ್ದಾಗಿನಿಂದ ಗದ್ದೆಯ ಪಕ್ಕದ ಬಯಲಿನಲ್ಲಿ ಎಸೆದು ಎಸೆದು ಕೈ ಪಳಗಿಸಿಕೊಂಡವನು. ವಾರಕ್ಕೆರಡು ದಿನ ಬಸ್ಸು ಹಿಡಿದು ಬಳ್ಳಾರಿಗೆ ಅಭ್ಯಾಸಕ್ಕೆ ಬರುತ್ತಿದ್ದ. ಆಯ್ಕೆ ಪಂದ್ಯವೊಂದರಲ್ಲಿ ಮೊದಲ ಓವರಿನಲ್ಲೇ ಚೆಂಡು ಕೈಯಿಂದ ಜಾರಿ ಬ್ಯಾಟ್ಸ್‌ಮನ್ ತಲೆಯ ಮೇಲೆ ಹೋಯಿತು. ಸುತ್ತಲಿದ್ದವರು ನಕ್ಕರು. ಮುಂದಿನ ಚೆಂಡು ತನ್ನ ಕಾಲ ಬುಡದಲ್ಲೇ ಬಿತ್ತು. ಅಂದಿನಿಂದ ಮೂರು ತಿಂಗಳು, ಓಡಿ ಬಂದು ಕೈ ಎತ್ತಿದೊಡನೆ ಬೆರಳುಗಳು ಚೆಂಡನ್ನು ಕಚ್ಚಿ ಹಿಡಿಯುತ್ತವೆ. ಒಂದೋ ತಡವಾಗಿ ಬಿಡುತ್ತವೆ, ಇಲ್ಲವೇ ಬಿಡುವ ಮೊದಲೇ ಸಡಿಲವಾಗುತ್ತವೆ. ಅದೇ ಕೈಯಿಂದ ಬೌಂಡರಿಯಿಂದ ಚೆಂಡು ಎಸೆದರೆ ನೇರವಾಗಿ ಕೀಪರ್ ಕೈಗೆ ಹೋಗುತ್ತದೆ!

"ಯಾರೋ ಕಣ್ಣು ಹಾಕ್ಯಾರ ಅಂತಾರ್ರಿ ಊರಾಗ. ಅವರವ್ವ ತಾಯತ ಕಟ್ಟಿಸ್ಯಾಳ. ನಾನು ಮಾತ್ರ, ಇವನು ಬೇಕಂತಲೇ ಮಾಡಾಕತ್ಯಾನ ಅಂತ ಬೈದೆ. ಬೈದಷ್ಟೂ ಹೆಚ್ಚಾತು," ಎಂದರು ತಂದೆ.

ಹುಡುಗನ ಭುಜ, ಮೊಣಕೈ, ಮಣಿಕಟ್ಟು, ಬೆರಳು ಎಲ್ಲವನ್ನೂ ಪರೀಕ್ಷಿಸಿದೆ. ಶಕ್ತಿ ಸರಿಯಿತ್ತು, ಸ್ಪರ್ಶ ಸರಿಯಿತ್ತು, ಕೈ ನಡುಗುತ್ತಿರಲಿಲ್ಲ. ನನ್ನ ಮೇಜಿನ ಮೇಲಿದ್ದ ಒಂದು ನಿಂಬೆಹಣ್ಣು ಕೊಟ್ಟು ತಂದೆಯತ್ತ ಎಸೆ ಎಂದೆ. ಎಸೆದ, ಸಲೀಸಾಗಿ. ಈಗ ಬೌಲಿಂಗ್ ಮಾಡುವ ಹಾಗೆ ಎಸೆ ಎಂದೆ. ಕೈ ಮೇಲೇರಿತು, ಮುಖ ಬಿಗಿಯಿತು, ನಿಂಬೆಹಣ್ಣು ಅವನ ಹಿಂದೆಯೇ ಬಿತ್ತು. ಹುಡುಗನ ಕಣ್ಣು ತುಂಬಿದವು.

ಇದು ಕಣ್ಣು ಬಿದ್ದದ್ದೂ ಅಲ್ಲ, ಹುಡುಗನ ನಾಟಕವೂ ಅಲ್ಲ. ವೈದ್ಯರಿಗೆ ಗೊತ್ತಿರುವ ತೊಂದರೆಯೇ. ಇದಕ್ಕೊಂದು ಹೆಸರು ಸಿಕ್ಕಿದ್ದು ಮಾತ್ರ ನಮ್ಮ ಭಾಗದಲ್ಲಿ ಹೆಚ್ಚಿನವರು ಟಿ.ವಿ.ಯಲ್ಲಷ್ಟೇ ನೋಡಿರುವ ಗಾಲ್ಫ್ ಆಟದಿಂದ. ಸ್ಕಾಟ್ಲೆಂಡ್ ಮೂಲದ ಟಾಮಿ ಆರ್ಮರ್ ಎಂಬ ಹಳೆಯ ಗಾಲ್ಫ್ ಆಟಗಾರ, ಕುಳಿಯ ಹತ್ತಿರ ನಿಂತು ಚೆಂಡನ್ನು ಮೆಲ್ಲಗೆ ತಳ್ಳಬೇಕಾದಾಗ ತನ್ನ ಕೈ ಹಠಾತ್ತನೆ ಕುಪ್ಪಳಿಸುವುದನ್ನು 'ಯಿಪ್ಸ್' ಎಂದು ಕರೆದ. ಈಗ ಕ್ರಿಕೆಟ್, ಬಿಲ್ಲುಗಾರಿಕೆ, ಬೇಸ್‌ಬಾಲ್ ಆಡುವವರೂ ಇದೇ ಪದ ಬಳಸುತ್ತಾರೆ. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಇದೇ ಕಾಟದಿಂದ ಒಂದಲ್ಲ, ಹಲವು ಬಾರಿ ನರಳಿದವರು. ಪ್ರತಿ ಸಲವೂ ಕೋಲು ಹಿಡಿಯುವ ರೀತಿಯನ್ನೇ ಬದಲಿಸಿಕೊಂಡು ಮರಳಿ ಬಂದರು. 1985ರಲ್ಲೂ 1993ರಲ್ಲೂ ಅಮೆರಿಕದ ಮಾಸ್ಟರ್ಸ್ ಪಂದ್ಯಾವಳಿ ಗೆದ್ದರು. ಒಂದು ಕಾಲದಲ್ಲಂತೂ ಬಲಗೈಯಿಂದ ಎಡ ಮುಂಗೈಯನ್ನೂ ಕೋಲನ್ನೂ ಸೇರಿಸಿ ಅಮುಕಿ ಹಿಡಿದು ಆಡುತ್ತಿದ್ದರು. ನೋಡಲು ವಿಚಿತ್ರ, ಆದರೆ ಚೆಂಡು ಕುಳಿಗೆ ಬೀಳುತ್ತಿತ್ತು.

ಗಾಲ್ಫ್‌ನಲ್ಲಿ ಕೋಲು ಬೀಸುವ ಕೆಲಸವನ್ನೇ ಸ್ವಲ್ಪ ಗಮನಿಸೋಣ. ಕೋಲು ಹಿಂದಕ್ಕೆ ಹೋಗಲು ಸುಮಾರು ಮುಕ್ಕಾಲು ಸೆಕೆಂಡು ಬೇಕು, ಕೆಳಗಿಳಿದು ಚೆಂಡಿಗೆ ಬಡಿಯಲು ಕಾಲು ಸೆಕೆಂಡು. ಕಣ್ಣಿನಿಂದ ತಪ್ಪನ್ನು ಕಂಡು, ಮೆದುಳು ಯೋಚಿಸಿ, ಕೈಗೆ 'ಹೀಗೆ ತಿದ್ದಿಕೋ' ಎಂದು ಹೇಳಿ ಕಳಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅಂದರೆ ಕೋಲು ಇಳಿಯಲು ಶುರುವಾದ ಮೇಲೆ ಯೋಚಿಸಿ ತಿದ್ದಲು ಸಮಯವೇ ಇಲ್ಲ. ಇಡೀ ಚಲನೆ ಮೊದಲೇ ಕಟ್ಟಿಟ್ಟ ಬುತ್ತಿಯಂತೆ ಒಮ್ಮೆಲೇ ಹೊರಬರಬೇಕು. ಸ್ಪಿನ್ ಬೌಲರನ ಬೆರಳು ಚೆಂಡನ್ನು ಬಿಡುವ ಕ್ಷಣವೂ ಹೀಗೆಯೇ. ಜೋಳದ ರೊಟ್ಟಿ ತಟ್ಟುವ ಕೈಯೂ ಹೀಗೆಯೇ.

ರೊಟ್ಟಿಯ ಮಾತು ಬಂದದ್ದು ಒಳ್ಳೆಯದಾಯಿತು. ಹೊಸದಾಗಿ ರೊಟ್ಟಿ ಕಲಿಯುವ ಹುಡುಗಿಯನ್ನು ನೋಡಿ. ಹಿಟ್ಟು ಎಷ್ಟು, ಬಿಸಿನೀರು ಎಷ್ಟು, ಅಂಗೈ ಎಲ್ಲಿ ಒತ್ತಬೇಕು, ರೊಟ್ಟಿ ಯಾವಾಗ ತಿರುಗಿಸಬೇಕು ಎಂದು ಒಂದೊಂದನ್ನೂ ಯೋಚಿಸುತ್ತ ಮಾಡುತ್ತಾಳೆ. ಆಗ ಕೆಲಸ ಮಾಡುತ್ತಿರುವುದು ಮೆದುಳಿನ ಮುಂಭಾಗ. ಸಾವಿರ ರೊಟ್ಟಿ ಆದ ಮೇಲೆ ಆ ಕೆಲಸವನ್ನು ಮೆದುಳಿನ ಒಳಭಾಗದ ನರಗಂಟುಗಳೂ ಹಿಂಬದಿಯ ಕಿರುಮೆದುಳೂ ವಹಿಸಿಕೊಳ್ಳುತ್ತವೆ. ಆಮೇಲೆ ಆಕೆ ನೆರೆಮನೆಯವರೊಂದಿಗೆ ಮಾತಾಡುತ್ತಲೇ ತಟ್ಟುತ್ತಾಳೆ, ರೊಟ್ಟಿ ಚಂದ್ರನ ಹಾಗೆ ಗುಂಡಗೆ ಬರುತ್ತದೆ. ಈಗ ಆಕೆಗೆ ಮದುವೆಯಾಯಿತೆನ್ನಿ. ಗಂಡನ ಮನೆಯಲ್ಲಿ ಮೊದಲ ದಿನ ಅತ್ತೆ, ನಾದಿನಿ, ಓರಗಿತ್ತಿ ಮೂವರೂ ಒಲೆಯ ಸುತ್ತ ಕುಳಿತು ನೋಡುತ್ತಿದ್ದಾರೆ. ರೊಟ್ಟಿ ಹರಿಯುತ್ತದೆ! ಕೈಗೆ ಏನೂ ಆಗಿಲ್ಲ. ಕೈಗೆ ಬಿಟ್ಟುಕೊಟ್ಟಿದ್ದ ಕೆಲಸವನ್ನು ಮೆದುಳಿನ ಮುಂಭಾಗ ಹೆದರಿಕೊಂಡು ಮರಳಿ ಕಿತ್ತುಕೊಂಡಿತು, ಅಷ್ಟೆ.

ಗಾಲ್ಫ್ ಆಡುವವರ ಮೇಲೆಯೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಳಗಿದ ಆಟಗಾರರಿಗೆ ತಾವು ಚೆಂಡನ್ನು ಹೇಗೆ ತಳ್ಳಿದೆವು ಎಂಬುದರ ಹಂತಗಳೇ ಸರಿಯಾಗಿ ನೆನಪಿರಲಿಲ್ಲ. ಹೊಸಬರಿಗೆ ನೆನಪಿತ್ತು. ಪಳಗಿದವರು ತಮ್ಮ ಚಲನೆಯ ಒಂದೊಂದು ಹಂತವನ್ನೂ ಗಮನಿಸತೊಡಗಿದರೆ ಆಟ ಕೆಡುತ್ತದೆ, ಹೊಸಬರಿಗೆ ಅದೇ ಗಮನ ಅಗತ್ಯ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಕಲಿಯುವವನಿಗೆ ಔಷಧವಾದದ್ದು ಕಲಿತವನಿಗೆ ವಿಷ. ನಮ್ಮ ತರಬೇತುದಾರರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ, ಅದು ನನಗೆ ಗೊತ್ತು.

ಸಿರುಗುಪ್ಪದ ಹುಡುಗನಿಗೂ ಆದದ್ದು ಇದೇ. ಮೊದಲ ಚೆಂಡು ಜಾರಿದ್ದು ಬೆವರಿನಿಂದಲೋ ಏನೋ, ನಮ್ಮ ಬೇಸಿಗೆಯಲ್ಲಿ ಅದೇನು ದೊಡ್ಡದಲ್ಲ. ಆಮೇಲೆ ಸಲಹೆಗಳ ಸುರಿಮಳೆಯಾಯಿತು. ಒಬ್ಬರು ಭುಜ ಎತ್ತು ಎಂದರು, ಇನ್ನೊಬ್ಬರು ಮಣಿಕಟ್ಟು ತಿರುಗಿಸು ಎಂದರು, ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನಗತಿಯಲ್ಲಿ ತೋರಿಸಿದರು, ಅಣ್ಣ ಯೂಟ್ಯೂಬ್ ತೋರಿಸಿದ. ಹುಡುಗ ಪ್ರತಿ ಎಸೆತದಲ್ಲೂ ಐದು ಮಾತು ನೆನಪಿಟ್ಟುಕೊಂಡು ಓಡಿ ಬರುತ್ತಿದ್ದ. ಅದರ ಜೊತೆಗೆ ಭಯ. ಭಯವಾದಾಗ ಅಡ್ರಿನಲಿನ್ ಸುರಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆರಳು ತಾನಾಗಿ ಬಿಗಿಯುತ್ತದೆ. ಬಿಗಿದ ಬೆರಳಿನಿಂದ ಚೆಂಡು ಹೇಗೆ ಬಿಟ್ಟೀತು?

ಇದನ್ನು ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ವೈದ್ಯನಾದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ವಾಂತಿಭೇದಿಯಿಂದ ಬಸವಳಿದ ಎರಡು ವರ್ಷದ ಮಗುವಿಗೆ ಗ್ಲೂಕೋಸ್ ಹಾಕಲು ನರ ಸಿಗಲಿಲ್ಲ. ನಾಲ್ಕು ಸಲ ಚುಚ್ಚಿದೆ. ಆ ತಾಯಿ ನನ್ನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಹಿರಿಯ ನರ್ಸಮ್ಮ ಬಂದು ಒಂದೇ ಸಲಕ್ಕೆ ಹಾಕಿದರು. ಮಗು ಉಳಿಯಿತು. ಆದರೆ ಮುಂದಿನ ಎರಡು ವಾರ ದೊಡ್ಡವರ ಕೈಯಲ್ಲಿ ಹಗ್ಗದಂತೆ ಎದ್ದು ಕಾಣುವ ನರವೂ ನನ್ನ ಸೂಜಿಗೆ ಸಿಗಲಿಲ್ಲ. ನೂರಾರು ಸಲ ಮಾಡಿದ ಕೆಲಸ! ಆ ನರ್ಸಮ್ಮನೇ ಒಂದು ದಿನ ನನ್ನ ಪಕ್ಕ ನಿಂತು, "ಡಾಕ್ಟ್ರೇ, ಸೂಜಿ ನೋಡಬ್ಯಾಡ್ರಿ, ನರ ಹೋಗೋ ದಾರಿ ನೋಡ್ರಿ," ಎಂದರು. ಅಂದಿನಿಂದ ಕೈ ಮತ್ತೆ ಬಂತು. ಆಕೆ ಯಾವ ಸಂಶೋಧನೆಯನ್ನೂ ಓದಿದವರಲ್ಲ. ಗಮನವನ್ನು ಸ್ವಂತ ಕೈಯ ಮೇಲಿಡದೆ ಹೊರಗಿನ ಗುರಿಯ ಮೇಲಿಟ್ಟರೆ ಚಲನೆ ಸರಾಗವಾಗುತ್ತದೆ ಎಂದು ಕ್ರೀಡಾ ವಿಜ್ಞಾನಿಗಳು ಈಗ ಹೇಳುತ್ತಿರುವುದೂ ಇದನ್ನೇ.

ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆ ಎಂಬ ಅರಿವೇ ತಪ್ಪಿ, ಪ್ರಾಣಾಪಾಯವಾದೀತೆಂದು ತಂಡದ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಹೆದರುಪುಕ್ಕಲಿ ಎಂದು ಬೈದವರಿದ್ದರು. ಆಕೆ ಎರಡು ವರ್ಷ ಸ್ಪರ್ಧೆಯಿಂದ ದೂರವಿದ್ದು ಬಂದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು.

ನಮ್ಮವರೇ ಆದ ರಾಬಿನ್ ಉತ್ತಪ್ಪ ಅವರ ಕಥೆ ಇನ್ನೂ ಹತ್ತಿರದ್ದು. 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಕೊಡಗಿನ ಈ ಆಟಗಾರ, ಟೆಸ್ಟ್ ತಂಡಕ್ಕೆ ಸೇರಬೇಕೆಂಬ ಆಸೆಯಿಂದ 25ರ ಆಸುಪಾಸಿನ ವಯಸ್ಸಿನಲ್ಲಿ ತಮ್ಮ ಬ್ಯಾಟಿಂಗ್ ಶೈಲಿಯನ್ನೇ ಬದಲಿಸಿಕೊಳ್ಳಲು ಹೊರಟರು. ಹಾಗೆ ಮಾಡುವಾಗ ತಮ್ಮ ಸಹಜವಾದ ಬಿರುಸು ಕೈತಪ್ಪಿತೆಂದು ಅವರೇ ಮುಂದೆ ಹೇಳಿಕೊಂಡರು. 2009ರಿಂದ 2011ರ ನಡುವೆ ತೀವ್ರ ಖಿನ್ನತೆಯಿಂದ ಬದುಕೇ ಬೇಡವೆನಿಸಿದ ದಿನಗಳಿದ್ದವು ಎಂದು 2020ರಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅದೇ ಉತ್ತಪ್ಪ 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದರು. ಶೈಲಿ ತಿದ್ದುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಲಿತ ಕೈಯನ್ನು ಬಿಚ್ಚಿ ಮತ್ತೆ ಕಟ್ಟುವಾಗ ನಡುವೆ ಒಂದು ಕಾಲ ಎರಡೂ ಇಲ್ಲದಂತಾಗುತ್ತದೆ, ಆ ಕಾಲದಲ್ಲಿ ಮನಸ್ಸನ್ನು ನೋಡಿಕೊಳ್ಳುವವರು ಬೇಕು.

ಇನ್ನು ಇದೇ ತೊಂದರೆಯ ಮತ್ತೊಂದು ತುದಿ. ಇಲ್ಲಿ ಮನಸ್ಸಿಗಿಂತ ನರಮಂಡಲದ ಪಾತ್ರ ದೊಡ್ಡದು.

ಬಳ್ಳಾರಿಯ ಜೀನ್ಸ್ ಹೊಲಿಗೆ ನಾಡಿಗೆಲ್ಲ ಗೊತ್ತು. ಕೌಲ್ ಬಜಾರಿನ ಕಡೆಯ ದರ್ಜಿಯೊಬ್ಬರು, 40ರ ಹತ್ತಿರದ ವಯಸ್ಸು, 20 ವರ್ಷದಿಂದ ಪ್ಯಾಂಟು ಹೊಲಿಯುವವರು. ಪೀಸಿನ ಲೆಕ್ಕದಲ್ಲಿ ಕೂಲಿ. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವಾಗ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ, ಹೊಲಿಗೆ ಸಾಲು ಸೊಟ್ಟಗಾಗುತ್ತದೆ. ದಿನಕ್ಕೆ ಹೊಲಿಯುತ್ತಿದ್ದುದರಲ್ಲಿ ಅರ್ಧವೂ ಆಗುತ್ತಿಲ್ಲ. ಅದೇ ಕೈಯಿಂದ ಊಟ, ಚಹಾ, ಗಡ್ಡ ಹೆರೆಯುವುದು, ಮೊಬೈಲ್ ಒತ್ತುವುದು ಎಲ್ಲ ಸರಿ. ಲಕ್ವ ಹೊಡೆಯುವ ಮುನ್ಸೂಚನೆ ಎಂದು ಹೆದರಿದ್ದರು. ಅದುವರೆಗೆ 'ನರದ ಇಂಜೆಕ್ಷನ್' ಎಂದು ಹತ್ತಿಪ್ಪತ್ತು ಬಿ-ಕಾಂಪ್ಲೆಕ್ಸ್ ಚುಚ್ಚಿಸಿಕೊಂಡಾಗಿತ್ತು. ನನ್ನೆದುರು ಎಡಗೈಯಿಂದ ಬಟ್ಟೆ ಸರಿಸುವ ಹಾಗೆ ಮಾಡಿ ಎಂದೆ. ಎಡಗೈ ಆಡಿದಾಗ ಸುಮ್ಮನಿದ್ದ ಬಲಗೈಯ ಬೆರಳು ಮಡಚತೊಡಗಿತು. ಅನುಮಾನ ಗಟ್ಟಿಯಾಯಿತು.

ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ಒಂದೇ ಬಗೆಯ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಮಾಡಿದವರಲ್ಲಿ ಕೆಲವರಿಗೆ, ಆ ಕೆಲಸ ಮಾಡುವಾಗ ಮಾತ್ರ, ಬೇಕಾದ ಸ್ನಾಯುವಿನ ಜೊತೆಗೆ ಬೇಡವಾದ ಸ್ನಾಯುವೂ ಬಿಗಿಯುತ್ತದೆ. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಬೇರೆ ಬೇರೆ ಜಾಗವಿರುತ್ತದೆ, ಆ ಗಡಿಗಳು ಕಲಸಿಹೋಗುತ್ತವೆ ಎಂದು ಹೇಳಬಹುದು. ಇದು ಹಳೆಯ ಕಾಯಿಲೆ. ಇಟಲಿಯ ವೈದ್ಯ ರಾಮಾಝಿನಿ ಗುಮಾಸ್ತರ ಕೈಗೆ ಬರುವ ತೊಂದರೆಯ ಬಗ್ಗೆ 1713ರಲ್ಲೇ ಬರೆದಿದ್ದಾನೆ. ನಮ್ಮಲ್ಲೂ ಹಿಂದೆ ಶಾನುಭೋಗರು, ಬ್ಯಾಂಕಿನ ಗುಮಾಸ್ತರು ಪೆನ್ನು ಹಿಡಿದೊಡನೆ ಕೈ ಸೆಟೆಯುತ್ತದೆಂದು ಬರುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅಂಥವರು ಕಡಿಮೆ. ಪಿಯಾನೋ, ಪಿಟೀಲು, ತಬಲಾ ನುಡಿಸುವವರಿಗೂ ಬರುತ್ತದೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ 1960ರ ದಶಕದ ನಡುವಿನಲ್ಲಿ ಬಲಗೈ ಕಳೆದುಕೊಂಡು, ಮೂರು ದಶಕ ಎಡಗೈ ಒಂದರಲ್ಲೇ ನುಡಿಸಿ, ಪಾಠ ಹೇಳಿ, 1990ರ ದಶಕದಲ್ಲಿ ಬೊಟುಲಿನಂ ಇಂಜೆಕ್ಷನ್ ಮತ್ತು ಅಂಗಮರ್ದನದ ನೆರವಿನಿಂದ ಮತ್ತೆ ಎರಡೂ ಕೈಯಲ್ಲಿ ನುಡಿಸಿದರು.

ಗಾಲ್ಫ್ ಆಟಗಾರರ ಯಿಪ್ಸ್ ಕುರಿತು 2000ದ ಆಸುಪಾಸಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಅಧ್ಯಯನ ಮಾಡಿ, ಇದೊಂದು ಹಗ್ಗವಿದ್ದಂತೆ, ಒಂದು ತುದಿಯಲ್ಲಿ ಡಿಸ್ಟೋನಿಯಾ, ಇನ್ನೊಂದು ತುದಿಯಲ್ಲಿ ಒತ್ತಡದಿಂದ ಕೈಕೊಡುವುದು, ನಡುವೆ ಎರಡೂ ಬೆರೆತವರು ಎಂಬರ್ಥದ ವಿವರಣೆ ಕೊಟ್ಟರು. ಹೇಗೆ ಬೇರ್ಪಡಿಸುವುದು? ನಾನು ಕೇಳುವ ಮೊದಲ ಪ್ರಶ್ನೆ: ಯಾರೂ ನೋಡದಿರುವಾಗ ಸರಿಯಾಗುತ್ತದೆಯೇ? ಸಿರುಗುಪ್ಪದ ಹುಡುಗ ಮನೆಯ ಹಿಂದಿನ ಗೋಡೆಗೆ ಒಬ್ಬನೇ ಎಸೆದರೆ ಹತ್ತರಲ್ಲಿ ಏಳೆಂಟು ಸರಿ ಬೀಳುತ್ತಿದ್ದವು. ದರ್ಜಿಗೆ ಅಂಗಡಿ ಮುಚ್ಚಿ ಒಬ್ಬರೇ ಕುಳಿತರೂ ಅದೇ ಬೆರಳು, ಅದೇ ರೀತಿ ಮಡಚುತ್ತಿತ್ತು. ಆದರೆ ಡಿಸ್ಟೋನಿಯಾ ಇರುವವರಿಗೂ ಗಾಬರಿಯಾದಾಗ ಹೆಚ್ಚಾಗುತ್ತದೆ. ಆದ್ದರಿಂದ 'ಟೆನ್ಷನ್ ಬಿಡಿ, ಸರಿಹೋಗುತ್ತೆ' ಎಂದು ಹೇಳಿ ಕಳಿಸಿಬಿಡುವುದು ಅನ್ಯಾಯ.

ಇವೆರಡನ್ನೂ ಹೇಳುವ ಮೊದಲು ವೈದ್ಯರು ಬೇರೆ ಸಾಮಾನ್ಯ ಕಾರಣಗಳನ್ನು ಹುಡುಕಬೇಕು. ಕುರುಗೋಡಿನ ಶಿಕ್ಷಕಿಯೊಬ್ಬರು, ಮಕ್ಕಳೆದುರು ಕಪ್ಪುಹಲಗೆಯ ಮೇಲೆ ಬರೆಯುವಾಗ ಕೈ ನಡುಗಿ ಅಕ್ಷರ ಕೆಡುತ್ತದೆ, ಆತ್ಮವಿಶ್ವಾಸವೇ ಹೋಗಿದೆ ಎಂದು ಬಂದರು. ಮನೆಯವರು ಧೈರ್ಯ ಹೇಳಿ ಸಾಕಾಗಿದ್ದರು. ಆರು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ದರು, ಎದೆ ಡವಗುಟ್ಟುತ್ತಿತ್ತು, ಸೆಕೆ ತಡೆಯಲಾಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿರುವುದು ತಿಳಿಯಿತು. ಮಾತ್ರೆ ಶುರುಮಾಡಿ ಎರಡು ತಿಂಗಳಾಗುವಷ್ಟರಲ್ಲಿ ಅಕ್ಷರ ಮೊದಲಿನಂತಾಯಿತು. ಧೈರ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಉಬ್ಬಸಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದಲೂ ಕೈ ನಡುಗುತ್ತದೆ. ಕುಡಿತ ಬಿಟ್ಟ ಮೊದಲ ದಿನಗಳಲ್ಲಿ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತೀರ ಇಳಿದಾಗ, ವಂಶಪಾರಂಪರ್ಯವಾಗಿ ಬರುವ ನಡುಕದಲ್ಲಿ ಕೂಡ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಬ್ಯಾಟಿಗೆ ಚೆಂಡು ಸಿಗದ ಹುಡುಗನಿಗೆ ಕನ್ನಡಕ ಬೇಕಾಗಿರುವುದು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡ ಸಂಗತಿ. 13-14ನೇ ವಯಸ್ಸಿನಲ್ಲಿ ಕೈಕಾಲು ದಿಢೀರನೆ ಉದ್ದವಾದಾಗ ಹಳೆಯ ಲೆಕ್ಕ ತಪ್ಪಿ ಕೆಲವು ತಿಂಗಳು ಆಟ ಕೆಡುವುದೂ ಉಂಟು. ಅದಕ್ಕೆ ಔಷಧ ಬೇಡ, ಕಾಯಬೇಕು.

ಇಲ್ಲೊಂದು ಎಚ್ಚರಿಕೆ. ವೇದಿಕೆ ಏರುವ ಮೊದಲು, ಪಂದ್ಯಕ್ಕೆ ಮೊದಲು ನಡುಕ ನಿಲ್ಲಿಸಲೆಂದು ಪ್ರೊಪ್ರನಲೋಲ್ ಎಂಬ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಾವೇ ಕೊಂಡು ನುಂಗುವವರಿದ್ದಾರೆ. ವೈದ್ಯರು ನೋಡಿ ಕೊಟ್ಟರೆ ಅದು ಒಳ್ಳೆಯ ಔಷಧ. ಆದರೆ ಉಬ್ಬಸ ಇರುವವರಿಗೆ ಪ್ರಾಣಕ್ಕೇ ಸಂಚಕಾರ ತಂದೀತು. ಎದೆಬಡಿತ ನಿಧಾನವಿರುವವರಿಗೂ ಆಗದು, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದ ಸೂಚನೆಗಳನ್ನು ಮುಚ್ಚಿಹಾಕುತ್ತದೆ. ಬಿಲ್ಲುಗಾರಿಕೆ, ಶೂಟಿಂಗ್, ಗಾಲ್ಫ್ ಸ್ಪರ್ಧೆಗಳಲ್ಲಿ ಇದು ನಿಷೇಧಿತ ಮದ್ದು ಕೂಡ.

ಮತ್ತೆ ಹುಡುಗನ ಬಳಿಗೆ ಬರೋಣ. ತಂದೆಯನ್ನು ಸ್ವಲ್ಪ ಹೊರಗೆ ಕೂರಿಸಿ, ನಾನು ಅವನನ್ನು ನೇರವಾಗಿ ಕೇಳಿದೆ. "ತಮ್ಮಾ, ಸಾಯಬೇಕು ಅನಸ್ತದೇನು?" ಬಹಳ ಹೊತ್ತು ಸುಮ್ಮನಿದ್ದು, "ಒಂದೆರಡು ಸಲ ಅನಿಸೈತ್ರಿ. ಕಾಲುವೆ ಕಡೆ ಹೋಗಿದ್ದೆ," ಎಂದ. ನನ್ನ ಎದೆ ಧಸಕ್ಕೆಂದಿತು. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂದು ಅನೇಕ ಪಾಲಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಭಾರ ಇಳಿಯುತ್ತದೆ. ಊಟ ಬಿಟ್ಟಿದ್ದಾನೆ, ನಿದ್ದೆಯಿಲ್ಲ, ಗೆಳೆಯರ ಕಡೆ ಹೋಗುತ್ತಿಲ್ಲ ಎಂದು ಕಂಡರೆ ಆಟದ ಮಾತು ಬದಿಗಿಟ್ಟು ಇದನ್ನು ಮೊದಲು ಕೇಳಬೇಕು. ಅಂದೇ ತಂದೆಯನ್ನು ಒಳಗೆ ಕರೆದು, ಹುಡುಗನ ಒಪ್ಪಿಗೆಯಿಂದ, ವಿಷಯ ತಿಳಿಸಿದೆ. ಅವರು ಒಂದು ಮಾತೂ ಆಡದೆ ಮಗನ ಬೆನ್ನ ಮೇಲೆ ಕೈಯಿಟ್ಟರು. ಹುಡುಗನನ್ನು ಒಬ್ಬನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮನೆಯಿಂದ ತೆಗೆಸಿ ಎಂದು ಹೇಳಿ, ಮರುದಿನವೇ ಮನೋವೈದ್ಯರಲ್ಲಿಗೆ ಕಳಿಸಿದೆ. ನಡುರಾತ್ರಿ ಇಂಥ ಪರಿಸ್ಥಿತಿ ಬಂದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬೌಲಿಂಗ್ ವಿಷಯಕ್ಕೆ ಬಂದದ್ದು ಒಂದೂವರೆ ತಿಂಗಳ ಮೇಲೆ, ಅವನ ಊಟ ನಿದ್ದೆ ಸರಿಹೋದ ನಂತರ. ಅಷ್ಟು ದಿನ ಬೌಲಿಂಗ್ ಪೂರ್ತಿ ಬಂದ್. ಕೆಟ್ಟ ಚಲನೆಯನ್ನು ದಿನಕ್ಕೆ ನೂರು ಸಲ ಮಾಡಿದರೆ ಕೆಟ್ಟದ್ದೇ ಪಳಗುತ್ತದೆ. 'ಇನ್ನೂ ಅಭ್ಯಾಸ ಮಾಡು' ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಆಮೇಲೆ ಗೆಳೆಯನೊಬ್ಬನೊಂದಿಗೆ, ಬ್ಯಾಟ್ಸ್‌ಮನ್ ಇಲ್ಲದ ಖಾಲಿ ಪಿಚ್ಚಿನಲ್ಲಿ, ಅರ್ಧ ದೂರದಿಂದ, ಟೆನಿಸ್ ಚೆಂಡು. ಓಡಿ ಬರುವುದನ್ನು ಬಿಟ್ಟು ಎರಡೇ ಹೆಜ್ಜೆ. ಚೆಂಡು ಹಿಡಿಯುವ ಬೆರಳುಗಳ ಅಂತರ ಸ್ವಲ್ಪ ಬದಲಿಸಿದ. ಹಿಡಿತ ಹೊಸದಾದರೆ ಮೆದುಳಿಗೆ ಅದು ಹೊಸ ಕೆಲಸ, ಹಳೆಯ ಭಯ ಅದಕ್ಕೆ ಅಂಟಿಕೊಂಡಿರುವುದಿಲ್ಲ. ಲ್ಯಾಂಗರ್ ಮಾಡಿದ್ದೂ ಇದೇ ತಾನೆ? ಕಣ್ಣು ಕೈಯ ಮೇಲಲ್ಲ, ಗೆಳೆಯನ ಗ್ಲೋವಿನ ಮೇಲೆ. ಪ್ರತಿ ಎಸೆತಕ್ಕೂ ಮೊದಲು ಒಂದೇ ರೀತಿಯ ಸಣ್ಣ ಕ್ರಮ: ಚೆಂಡನ್ನು ಎರಡು ಸಲ ಮೇಲೆ ಹಾರಿಸಿ ಹಿಡಿ, ಉಸಿರನ್ನು ನಿಧಾನವಾಗಿ ಪೂರ್ತಿ ಬಿಡು, ಹೊರಡು. ಸಲಹೆ ಕೊಡುವವರು ಒಬ್ಬರೇ ಇರಬೇಕೆಂದು ತರಬೇತುದಾರರಿಗೆ ಫೋನ್ ಮಾಡಿ ಕೇಳಿಕೊಂಡೆ. ಅವರು ಒಳ್ಳೆಯವರು, ಒಪ್ಪಿದರು. ವಿಡಿಯೋ ತೋರಿಸುವುದು ನಿಂತಿತು.

ಮನೆಯವರಿಗೆ ಹೇಳಿದ್ದು ಒಂದೇ ಮಾತು. ಮೈದಾನದಿಂದ ಬಂದೊಡನೆ 'ಇವತ್ತು ಹೆಂಗ ಬಿತ್ತು?' ಎಂದು ಕೇಳಬೇಡಿ. ಊಟ ಮಾಡಿದಿಯೇನು ಎಂದು ಕೇಳಿ.

ಈಗ ಹುಡುಗ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಆಡುತ್ತಿದ್ದಾನೆ. ಇಂದಿಗೂ ಮೂರು ನಾಲ್ಕು ಓವರಿಗೊಂದು ಚೆಂಡು ಎಲ್ಲೋ ಹೋಗುತ್ತದೆ. ಆಗ ಪಕ್ಕದವರು ನಕ್ಕರೆ ಇವನೂ ನಗುತ್ತಾನಂತೆ. ರಾಜ್ಯ ತಂಡಕ್ಕೆ ಹೋಗುತ್ತಾನೋ ಇಲ್ಲವೋ, ಯಾರಿಗೆ ಗೊತ್ತು. ತಾಯತ ಇನ್ನೂ ಕೈಯಲ್ಲಿದೆ, ಬಿಚ್ಚೆಂದು ನಾನು ಹೇಳಿಲ್ಲ.

ದರ್ಜಿಯದು ಅಷ್ಟು ಸುಲಭವಾಗಲಿಲ್ಲ. ನರರೋಗ ತಜ್ಞರು ಡಿಸ್ಟೋನಿಯಾ ಎಂದು ಖಚಿತಪಡಿಸಿದರು. ಮೊದಲು ಮಾತ್ರೆ ಕೊಟ್ಟರು, ಬಾಯಿ ಒಣಗಿ ಮಂಪರಾಗುತ್ತದೆಂದು ಅವರು ಬಿಟ್ಟುಬಿಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಲನೆಯ ಕಾಯಿಲೆಗಳನ್ನು ನೋಡುವ ತಜ್ಞರಿದ್ದಾರೆ, ಅಲ್ಲಿಗೆ ಹೋಗಿಬಂದರು. ಮಡಚುವ ಸ್ನಾಯುವಿಗೆ ಅತಿ ಸಣ್ಣ ಪ್ರಮಾಣದ ಬೊಟುಲಿನಂ ಚುಚ್ಚಿದರೆ ಸುಮಾರು ಮೂರು ತಿಂಗಳು ಬಿಗಿತ ಇಳಿಯುತ್ತದೆ, ಆಮೇಲೆ ಮತ್ತೆ ಬೇಕು. ಕೈ ಸ್ವಲ್ಪ ಸೋಲುವುದೂ ಉಂಟು. ಪೂರ್ತಿ ವಾಸಿ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಈಗ ಅವರು ಹೊಲಿಗೆ ಕಡಿಮೆ ಮಾಡಿ ಹೆಚ್ಚು ಹೊತ್ತು ಬಟ್ಟೆ ಕತ್ತರಿಸುವ ಮೇಜಿನಲ್ಲಿರುತ್ತಾರೆ. ಕತ್ತರಿ ಹಿಡಿದಾಗ ಬೆರಳು ಮಡಚುವುದಿಲ್ಲ. ಕೂಲಿ ಮೊದಲಿಗಿಂತ ಕಮ್ಮಿ, ಆದರೆ ಲಕ್ವದ ಭಯ ಹೋಗಿದೆ.

ನಿಮ್ಮ ಮನೆಯಲ್ಲಿ ಯಾರದಾದರೂ ಕೈ ಒಂದೇ ಕೆಲಸದಲ್ಲಿ ಹೀಗೆ ಕೈಕೊಡುತ್ತಿದ್ದರೆ ಮೊದಲು ನಿಮ್ಮ ಮಾಮೂಲಿ ವೈದ್ಯರಿಗೆ ತೋರಿಸಿ. ಥೈರಾಯ್ಡ್, ಸಕ್ಕರೆ, ಕಣ್ಣು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಇಷ್ಟನ್ನು ಅವರೇ ನೋಡಬಲ್ಲರು. ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಹಠಾತ್ತನೆ ಬಲ ಕಳೆದುಕೊಳ್ಳುವುದು ಕಂಡರೆ ಮಾತ್ರ ಒಂದು ಗಂಟೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು, ಅದು ಬೇರೆಯೇ ಕಾಯಿಲೆ. ವೈದ್ಯರ ಬಳಿ ಬರುವಾಗ, ಆ ಕೆಲಸ ಮಾಡುವಾಗಿನ ಕೈಯನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರ ಹಿಡಿದು ತನ್ನಿ. ಹೊಲಿಗೆ ಯಂತ್ರವನ್ನೋ ಕ್ರಿಕೆಟ್ ಪಿಚ್ಚನ್ನೋ ದವಾಖಾನೆಗೆ ತರುವುದಕ್ಕಾಗುವುದಿಲ್ಲ, ಎಲ್ಲ ವೈದ್ಯರ ಮೇಜಿನ ಮೇಲೆ ನಿಂಬೆಹಣ್ಣೂ ಇರುವುದಿಲ್ಲ.